ಸಹಿ ಹಾಕುವ ಮುನ್ನ ಕೇಳಿ



ಪಾಲಕ-ಶಿಕ್ಷಕರ ಸಂಘದ ಸಭೆಯೆಂದರೆ ಸಹಿ ಹಾಕಿ, ಟೀ ಕುಡಿದು ಬರುವುದೇ? ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲೇರಿ 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ನಮ್ಮ ತಾಳವಾಡಿ ಬೆಟ್ಟದ ಮಕ್ಕಳು ತಮಿಳು ಕಲಿಯಲಿ, ಯಾರು ಬೇಡವೆಂದರು? ಸಂತೆಗೂ ಕಚೇರಿಗೂ ಅದು ಬೇಕು. ಆದರೆ ಕಲಿಸುವವರನ್ನು ಕೊಡದೆ ಪರೀಕ್ಷೆ ಮಾತ್ರ ಒಡ್ಡಿದರೆ ಅದು ಯಾವ ನ್ಯಾಯ? ಕೋರ್ಟಿನ ವಿನಾಯಿತಿಯನ್ನು ನೆಚ್ಚಿ ಕೂರುವಂತಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಸ್ತರಿಸಿದ್ದು ಒಂದೇ ವರ್ಷಕ್ಕೆ. ಸಂವಿಧಾನದ 350ಎ ವಿಧಿಯೂ ತಾಯ್ನುಡಿಯ ಮಾತನ್ನು ಪ್ರಾಥಮಿಕ ಹಂತಕ್ಕೇ ನಿಲ್ಲಿಸುತ್ತದೆ. ಹೈಸ್ಕೂಲಿಗೆ ಬಾಯಿ ನಾವೇ.

ಮುಂದಿನ ಸಭೆಯಲ್ಲಿ ಹೆಡ್‌ಮಾಸ್ಟರರನ್ನು ಕೇಳಿ: ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಸುವ ಹುದ್ದೆ ಎಷ್ಟು, ಖಾಲಿ ಎಷ್ಟು? ಕನ್ನಡದ ಮಕ್ಕಳಿಗೆ ತಮಿಳು ಹೇಳಿಕೊಡುವವರು ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಸಹಿ ಆಮೇಲೆ.