ನಕ್ಷತ್ರ ಇದ್ದರೆ ಗೆಲುವೇ?

ಮಕ್ಕಳೇ, ಫುಟ್ಬಾಲ್ ಎಂದೊಡನೆ ನಿಮಗೆ ಕಾಲಿನಿಂದ ಒದೆಯುವ ದುಂಡು ಚೆಂಡು ನೆನಪಾಗುತ್ತದೆ. ಅಮೆರಿಕದವರು ಫುಟ್ಬಾಲ್ ಎಂದು ಕರೆಯುವ ಆಟವೇ ಬೇರೆ. ಅದರ ಚೆಂಡು ಉದ್ದವಾಗಿದ್ದು ಎರಡು ತುದಿಗಳೂ ಚೂಪಾಗಿರುತ್ತವೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಜೊತೆಗಾರನಿಗೆ ಎಸೆಯಬಹುದು. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಒಂದೊಂದು ಕಡೆಯಲ್ಲಿ 11 ಆಟಗಾರರು ಇರುತ್ತಾರೆ. ಅಲ್ಲಿ ವಿಶ್ವವಿದ್ಯಾಲಯಗಳ ನಡುವೆ ಈ ಆಟದ ಪಂದ್ಯಗಳು ನಡೆಯುತ್ತವೆ. ದೊಡ್ಡ ಪಂದ್ಯವಾದರೆ ಒಂದೇ ಮೈದಾನದಲ್ಲಿ ಲಕ್ಷ ಜನ ಸೇರುವುದೂ ಉಂಟು.

ಈ ತಂಡಗಳಿಗೆ ಆಟಗಾರರು ಎಲ್ಲಿಂದ ಬರುತ್ತಾರೆ? ಪ್ರೌಢಶಾಲೆಗಳಿಂದ. ವಿಶ್ವವಿದ್ಯಾಲಯದ ತರಬೇತುದಾರರು ಊರೂರು ತಿರುಗಿ ಹುಡುಗರ ಆಟ ನೋಡುತ್ತಾರೆ. ಮೆಚ್ಚಿದವರ ಮನೆಗೂ ಹೋಗಿ ತಂದೆ ತಾಯಿಯರೊಡನೆ ಮಾತನಾಡುತ್ತಾರೆ. ವಿದ್ಯಾರ್ಥಿವೇತನ ಕೊಟ್ಟು ತಮ್ಮಲ್ಲಿಗೆ ಕರೆಯುತ್ತಾರೆ. ಅಮೆರಿಕದಲ್ಲಿ ಕಾಲೇಜು ಓದಿಗೆ ತುಂಬಾ ಹಣ ಬೇಕು. ಆದ್ದರಿಂದ ಎಷ್ಟೋ ಮನೆಗಳಿಗೆ ಈ ಕರೆ ಬಹಳ ದೊಡ್ಡ ಆಸರೆ.

ಪ್ರೌಢಶಾಲೆಗಳಲ್ಲಿ ಈ ಆಟ ಆಡುವವರು ಸುಮಾರು ಹತ್ತು ಲಕ್ಷ ಮಂದಿ. ಇವರಲ್ಲಿ ಉತ್ತಮರನ್ನು ಗುರುತಿಸಲು ಕೆಲವು ಸಂಸ್ಥೆಗಳು ನಕ್ಷತ್ರಗಳನ್ನು ಕೊಡುತ್ತವೆ. ಐದು ನಕ್ಷತ್ರ ಎಂದರೆ ಅತ್ಯುತ್ತಮ. ವರ್ಷಕ್ಕೆ ಮೂವತ್ತರ ಆಸುಪಾಸು ಹುಡುಗರಿಗಷ್ಟೇ ಅದು ಸಿಗುತ್ತದೆ. ನಾಲ್ಕು ನಕ್ಷತ್ರ ಕೆಲವು ನೂರು ಮಂದಿಗೆ. ಮೂರು, ಎರಡು ನಕ್ಷತ್ರದವರು ಅದಕ್ಕಿಂತ ಹೆಚ್ಚು. ಒಂದೂ ನಕ್ಷತ್ರವಿಲ್ಲದವರೇ ಎಲ್ಲರಿಗಿಂತ ಹೆಚ್ಚು. ಯಾವ ವಿಶ್ವವಿದ್ಯಾಲಯಕ್ಕೆ ಎಷ್ಟು ನಕ್ಷತ್ರದವರು ಸೇರಿದರು ಎಂದು ಲೆಕ್ಕ ಹಾಕಿ ತಂಡಗಳಿಗೂ ಸ್ಥಾನ ಕೊಡುತ್ತಾರೆ. ಆಟ ಶುರುವಾಗುವ ಮೊದಲೇ ಜನರು ಆ ಪಟ್ಟಿಯನ್ನು ನೋಡಿ ಹಿಗ್ಗುತ್ತಾರೆ, ಕುಗ್ಗುತ್ತಾರೆ.

ಹಾಗಾದರೆ ಹೆಚ್ಚು ನಕ್ಷತ್ರವಿದ್ದ ತಂಡವೇ ಗೆಲ್ಲುತ್ತದೆಯೇ? ಈ ಪ್ರಶ್ನೆಗೆ ಅವಸರದ ಉತ್ತರ ಬೇಡ. ಎರಡೂ ಕಡೆಯ ಮಾತನ್ನು ಕೇಳೋಣ.

ಮೊದಲು ನಕ್ಷತ್ರಗಳ ಪರವಾದ ಮಾತು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ನಿಕ್ ಸೇಬನ್ ಎಂಬವರು 2007ರಿಂದ 2023ರವರೆಗೆ ತರಬೇತುದಾರರಾಗಿದ್ದರು. ಅವರ ತಂಡ ಆಟಗಾರರ ಪಟ್ಟಿಯಲ್ಲಿ ಎಷ್ಟೋ ವರ್ಷ ಮೊದಲ ಸ್ಥಾನದಲ್ಲಿತ್ತು. ಅಲ್ಲಿದ್ದಾಗ ಅವರು ಆರು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಜಾರ್ಜಿಯಾ ವಿಶ್ವವಿದ್ಯಾಲಯವೂ ಹೆಚ್ಚು ನಕ್ಷತ್ರದವರನ್ನು ಸೇರಿಸಿಕೊಂಡು 2021 ಮತ್ತು 2022ರ ಸಾಲಿನ ಪ್ರಶಸ್ತಿಗಳನ್ನು ಪಡೆಯಿತು. ಹೀಗೆ ಹಲವು ವರ್ಷಗಳ ಕಾಲ ಪ್ರಶಸ್ತಿ ಗೆದ್ದವರೆಲ್ಲ ನಕ್ಷತ್ರಗಳ ಬಲವಿದ್ದವರೇ. ಆದ್ದರಿಂದ ಈ ಪಟ್ಟಿ ಬರೀ ಸುಳ್ಳು ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಈಗ ಇನ್ನೊಂದು ಕಡೆ. 2007ರ ಸೆಪ್ಟೆಂಬರ್ 1ರಂದು ಮಿಷಿಗನ್ ವಿಶ್ವವಿದ್ಯಾಲಯದ ತಂಡವು ತನ್ನದೇ ಮೈದಾನದಲ್ಲಿ ಅಪಲಾಚಿಯನ್ ಸ್ಟೇಟ್ ಎಂಬ ತಂಡವನ್ನು ಎದುರಿಸಿತು. ಮಿಷಿಗನ್ ದೇಶದಲ್ಲಿ ಐದನೆಯ ಸ್ಥಾನದಲ್ಲಿತ್ತು. ಎದುರಾಳಿ ಕೆಳಗಿನ ವಿಭಾಗದ ತಂಡ. ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದಂತೆ ಆ ಸಣ್ಣ ತಂಡ 34–32 ಅಂಕಗಳಿಂದ ಗೆದ್ದಿತು! 2022ರಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಸೇರಿಸಿಕೊಂಡ ಹುಡುಗರ ಗುಂಪಿಗೆ ದೇಶದಲ್ಲೇ ಮೊದಲ ಸ್ಥಾನ ಸಿಕ್ಕಿತ್ತು. ಆದರೆ ಆ ವರ್ಷ ಆ ತಂಡ 5 ಪಂದ್ಯ ಗೆದ್ದು 7 ಪಂದ್ಯ ಸೋತಿತು. ಸೋಲಿಸಿದವರಲ್ಲಿ ಅದೇ ಅಪಲಾಚಿಯನ್ ಸ್ಟೇಟ್ ಕೂಡ ಒಂದು.

ಇಂಡಿಯಾನಾ ವಿಶ್ವವಿದ್ಯಾಲಯದ ಕಥೆ ಇನ್ನೂ ಸೊಗಸು. ಈ ತಂಡ ಸೋಲಿಗೆ ಹೆಸರಾಗಿತ್ತು. 2023ರಲ್ಲಿ 12 ಪಂದ್ಯಗಳಲ್ಲಿ 9 ಸೋತಿತ್ತು. ಆಗ ಕರ್ಟ್ ಸಿಗ್ನೆಟ್ಟಿ ಎಂಬ ತರಬೇತುದಾರರು ಬಂದರು. ತಮ್ಮ ಹಿಂದಿನ ತಂಡದಿಂದ ಹಲವು ಆಟಗಾರರನ್ನು ಜೊತೆಗೆ ಕರೆತಂದರು. ಇತರ ಕಾಲೇಜುಗಳಲ್ಲಿ ಆಡಿ ಪಳಗಿದವರನ್ನೂ ಸೇರಿಸಿಕೊಂಡರು. ಇವರಲ್ಲಿ ಹೆಚ್ಚಿನವರು ಪ್ರೌಢಶಾಲೆಯಲ್ಲಿದ್ದಾಗ ಹೆಚ್ಚು ನಕ್ಷತ್ರ ಪಡೆದವರಲ್ಲ. 2025ರ ಸಾಲಿನಲ್ಲಿ ಈ ತಂಡ ಆಡಿದ 16 ಪಂದ್ಯಗಳನ್ನೂ ಗೆದ್ದಿತು. 2026ರ ಜನವರಿಯಲ್ಲಿ ಮಯಾಮಿ ತಂಡವನ್ನು ಸೋಲಿಸಿ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು.

ನನ್ನ ಅಭಿಪ್ರಾಯವನ್ನು ಈಗ ಹೇಳುತ್ತೇನೆ. ನಕ್ಷತ್ರಗಳು ಒಂದು ಅಂದಾಜು, ತೀರ್ಪಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಒಂದನೆಯದಾಗಿ, ಹೆಚ್ಚು ನಕ್ಷತ್ರದ ಹುಡುಗರು ಸಾಮಾನ್ಯವಾಗಿ ಮೊದಲೇ ಗೆಲ್ಲುತ್ತಿರುವ ತಂಡಗಳಿಗೇ ಹೋಗುತ್ತಾರೆ. ಅಲ್ಲಿ ಒಳ್ಳೆಯ ತರಬೇತುದಾರರು, ಒಳ್ಳೆಯ ಮೈದಾನ, ಬೇಕಾದಷ್ಟು ಹಣ ಇರುತ್ತದೆ. ಹೀಗಿರುವಾಗ ನಕ್ಷತ್ರದಿಂದ ಗೆಲುವು ಬಂತೋ, ಗೆಲುವಿನಿಂದ ನಕ್ಷತ್ರ ಬಂತೋ? ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ.

ಎರಡನೆಯದಾಗಿ, ಲೆಕ್ಕವನ್ನು ಸರಿಯಾಗಿ ನೋಡಬೇಕು. ಉದಾಹರಣೆಗೆ, ಐದು ನಕ್ಷತ್ರದ 10 ಹುಡುಗರಿದ್ದಾರೆ ಎಂದುಕೊಳ್ಳಿ. ಅವರಲ್ಲಿ 5 ಮಂದಿ ದೊಡ್ಡ ಆಟಗಾರರಾದರು. ಮೂರು ನಕ್ಷತ್ರದ 100 ಹುಡುಗರಲ್ಲಿ 10 ಮಂದಿ ದೊಡ್ಡ ಆಟಗಾರರಾದರು. ಮೊದಲ ಗುಂಪಿನಲ್ಲಿ ಅರ್ಧದಷ್ಟು ಮಂದಿ ಗೆದ್ದರು, ನಿಜ. ಆದರೆ ದೊಡ್ಡ ಆಟಗಾರರು ಒಟ್ಟು 15 ಮಂದಿ. ಅವರಲ್ಲಿ 10 ಮಂದಿ ಮೂರು ನಕ್ಷತ್ರದವರೇ ಅಲ್ಲವೇ? ಪಟ್ಟಿಯ ಮೇಲ್ಭಾಗವನ್ನು ಮಾತ್ರ ನೋಡುವವನು ಈ 10 ಮಂದಿಯನ್ನು ಕಳೆದುಕೊಳ್ಳುತ್ತಾನೆ.

ಮೂರನೆಯದಾಗಿ, ನೋಡುವವರು ಬಂದಲ್ಲಿ ಮಾತ್ರ ನಕ್ಷತ್ರ ಸಿಗುತ್ತದೆ. ಜಾಶ್ ಆ್ಯಲನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತನ ಮಗ. ಪ್ರೌಢಶಾಲೆ ಮುಗಿಸಿದಾಗ ಯಾವ ದೊಡ್ಡ ವಿಶ್ವವಿದ್ಯಾಲಯವೂ ಅವನನ್ನು ಕರೆಯಲಿಲ್ಲ. ಅವನು ಹತ್ತಿರದ ಸಣ್ಣ ಕಾಲೇಜು ಸೇರಿ ಆಡಿದ. ಅನೇಕ ತರಬೇತುದಾರರಿಗೆ ತಾನೇ ಪತ್ರ ಕಳುಹಿಸಿದ. ಕೊನೆಗೆ ವಯೋಮಿಂಗ್ ವಿಶ್ವವಿದ್ಯಾಲಯ ಅವನಿಗೆ ಅವಕಾಶ ಕೊಟ್ಟಿತು. 2018ರಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸುವಾಗ ಅವನು ಏಳನೆಯವನಾಗಿ ಆಯ್ಕೆಯಾದ. 2024ರ ಸಾಲಿನಲ್ಲಿ ವೃತ್ತಿಪರ ಆಟದ ಅತ್ಯಮೂಲ್ಯ ಆಟಗಾರ ಎಂಬ ಗೌರವ ಪಡೆದ. ಅವನ ಕೈಯ ಶಕ್ತಿ ಫೈರ್‌ಬಾದಲ್ಲೂ ಬೆಳೆಯುತ್ತಲೇ ಇತ್ತು. ಅದನ್ನು ಗುರುತಿಸುವ ಕಣ್ಣು ಮಾತ್ರ ಅಲ್ಲಿಗೆ ಬಂದಿರಲಿಲ್ಲ.

ಇನ್ನೊಂದು ಮಾತು. ಜಾರ್ಜಿಯಾ ತಂಡ ನಕ್ಷತ್ರಗಳಿಂದ ತುಂಬಿತ್ತು ಎಂದೆನಲ್ಲವೇ? ಆ ತಂಡದ ಆಟವನ್ನು ಮೈದಾನದಲ್ಲಿ ನಡೆಸಿದವನು ಸ್ಟೆಟ್ಸನ್ ಬೆನೆಟ್. ಅವನು ಮೊದಲು ಸೇರಿದ್ದು ವಿದ್ಯಾರ್ಥಿವೇತನವೂ ಇಲ್ಲದೆ. ನಡುವೆ ಒಂದು ವರ್ಷ ಬೇರೆ ಸಣ್ಣ ಕಾಲೇಜಿಗೆ ಹೋಗಿ ಆಡಿ ಮತ್ತೆ ಬಂದ. ಎರಡು ಪ್ರಶಸ್ತಿಗಳನ್ನು ಗೆದ್ದಾಗಲೂ ಚೆಂಡು ಎಸೆಯುವ ಮುಖ್ಯ ಸ್ಥಾನದಲ್ಲಿ ಅವನೇ ಇದ್ದ. ಕರೆಯದೆ ಬಂದವರಿಗೂ ಆಡಿ ತೋರಿಸುವ ಅವಕಾಶವನ್ನು ಆ ತಂಡ ಇಟ್ಟಿತ್ತು. ಅದು ಬಾಗಿಲು ಮುಚ್ಚಿದ್ದರೆ ಬೆನೆಟ್‌ನಂಥ ಆಟಗಾರ ಅದಕ್ಕೆ ಸಿಗುತ್ತಿರಲಿಲ್ಲ.

ಹಾಗಾದರೆ ಅಳೆಯುವುದೇ ಬೇಡವೇ? ಬೇಕು. ಸಾವಿರಾರು ಮಂದಿಯಲ್ಲಿ ಕೆಲವರನ್ನು ಆರಿಸಲು ಒಂದು ಅಳತೆ ಬೇಕೇ ಬೇಕು. ಆದರೆ ಹದಿನೇಳು ವರ್ಷದ ಹುಡುಗನ ಇಂದಿನ ಆಟವನ್ನು ಅಳೆಯಬಹುದೇ ಹೊರತು ಅವನ ನಾಳೆಯನ್ನು ಪೂರ್ತಿ ಅಳೆಯಲಾಗದು. ಕೆಲವರು ಬೇಗ ಬೆಳೆಯುತ್ತಾರೆ, ಕೆಲವರು ತಡವಾಗಿ. ಆದ್ದರಿಂದ ಅಳೆಯುವವರು ಒಂದು ಬಾರಿ ಅಳೆದು ಕೈ ತೊಳೆದುಕೊಳ್ಳಬಾರದು. ಮತ್ತೆ ಮತ್ತೆ ನೋಡಬೇಕು. ಸಣ್ಣ ಊರುಗಳಿಗೂ ಹೋಗಿ ನೋಡಬೇಕು.

ಈ ಮಾತು ಶಾಲೆಗೂ ಸಲ್ಲುತ್ತದೆ. ಶಿಕ್ಷಕರಾದ ನಾವೂ ಅಂಕ ಕೊಡುತ್ತೇವೆ. ಆ ಅಂಕ ನೀವು ಇಂದು ಎಲ್ಲಿದ್ದೀರಿ ಎಂದು ತಿಳಿಸುತ್ತದೆ. ಯಾರನ್ನೂ ದಡ್ಡ ಎಂದು ಕರೆಯಲು ಅದು ಅನುಮತಿ ಕೊಡುವುದಿಲ್ಲ. ನೀವು ಆಟಕ್ಕೆ ತಂಡ ಮಾಡುವಾಗ ಕೊನೆಯವರೆಗೂ ಯಾರೂ ಕರೆಯದೆ ಉಳಿಯುವ ಗೆಳೆಯನೋ ಗೆಳತಿಯೋ ಇರಬಹುದು. ನಾಳೆ ಅವರನ್ನೇ ಮೊದಲು ಕರೆದು ನೋಡಿ. ತಂಡ ಸೋಲುತ್ತದೆಯೇ, ಗೆಲ್ಲುತ್ತದೆಯೇ? ಆಡಿದ ಮೇಲೆ ತರಗತಿಯಲ್ಲಿ ಚರ್ಚಿಸಿ, ನಿಮ್ಮ ಅಭಿಪ್ರಾಯವನ್ನು ಕಾರಣ ಸಹಿತ ಬರೆಯಿರಿ. ಅದು ನನ್ನ ಅಭಿಪ್ರಾಯದಂತೆಯೇ ಇರಬೇಕೆಂದಿಲ್ಲ.