ಮೌಸ್‌ನ ಚಕ್ರ ಕಿತ್ತವರು ಕೈಯನ್ನು ಕೇಳಿದ್ದರೇ?

ಗುದ್ದಲಿಗೆ ಕಾವು ಹಾಕಿಸುವಾಗ ಯಾರೂ ಅದರ ಹೊಳಪು ನೋಡುವುದಿಲ್ಲ. ಕೈಯಲ್ಲಿ ಹಿಡಿದು ಎರಡು ಸಲ ಬೀಸಿ ನೋಡುತ್ತೇವೆ. ಅಂಗೈಗೆ ಒಗ್ಗಿದರೆ ಸರಿ, ಇಲ್ಲವಾದರೆ ಮತ್ತೊಮ್ಮೆ ಕೆತ್ತಿಸುತ್ತೇವೆ. ಕಂಪ್ಯೂಟರ್ ಮೌಸ್ ಕೂಡ ಅಂಥದ್ದೇ ಒಂದು ಸಲಕರಣೆ. ಅದನ್ನು ನೋಡುವುದು ಒಂದು ದಿನ, ಹಿಡಿಯುವುದು ವರ್ಷಗಟ್ಟಲೆ. ಈ ಸಣ್ಣ ವಿಷಯವನ್ನು ಟಚ್ ಮೌಸ್ ಮಾಡುವ ಕಂಪನಿಗಳು ಮರೆತಿವೆ ಎನ್ನುವುದೇ ನಮ್ಮ ತಕರಾರು.

ಟಚ್ ಮೌಸ್ ಅಂದರೆ ಏನು? ಮಾಮೂಲಿ ಮೌಸ್‌ನಲ್ಲಿ ಎರಡು ಗುಂಡಿ, ನಡುವೆ ಒಂದು ಚಕ್ರ ಇರುತ್ತದೆ. ಟಚ್ ಮೌಸ್‌ನಲ್ಲಿ ಚಕ್ರ ಇರುವುದಿಲ್ಲ. ಕೆಲವದರಲ್ಲಿ ಗುಂಡಿಗಳೂ ಬೇರೆ ಬೇರೆ ಕಾಣುವುದಿಲ್ಲ. ಮೇಲ್ಭಾಗ ಪೂರ್ತಿ ನುಣುಪು. ಫೋನಿನ ಸ್ಕ್ರೀನ್ ಮೇಲೆ ಬೆರಳು ಸವರುವ ಹಾಗೆ ಇದರ ಬೆನ್ನಿನ ಮೇಲೂ ಸವರಬೇಕು, ಆಗ ಪುಟ ಮೇಲೆ ಕೆಳಗೆ ಸರಿಯುತ್ತದೆ. ನೋಡಲು ಚೆಂದ, ಬೆಲೆಯೂ ಚೆನ್ನಾಗಿಯೇ ಇದೆ. 300-400 ರೂಪಾಯಿಗೆ ಸಿಗುವ ವೈರ್ ಮೌಸ್‌ನ ಎದುರು ಹೆಸರುವಾಸಿ ಟಚ್ ಮೌಸ್‌ಗೆ ಸಾವಿರಗಟ್ಟಲೆ ತೆರಬೇಕು.

"ನಮ್ಮೂರಿಗೂ ಇದಕ್ಕೂ ಏನು ಸಂಬಂಧ?" ಅಂತ ಕೇಳಬಹುದು. ಸಂಬಂಧ ಇದೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಬೆಳೆ ವಿಮೆ, ಇ-ಸ್ವತ್ತು, ಈಗ ಎಲ್ಲವೂ ಒಬ್ಬ ಆಪರೇಟರ್‌ನ ಮೌಸ್ ಮೂಲಕವೇ ಬರಬೇಕು. ನಾಡಕಚೇರಿಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಬೆಳಗಿನಿಂದ ಸಂಜೆವರೆಗೆ ಮೌಸ್ ಹಿಡಿದು ಕೂತವರು ನಮ್ಮೂರಿನ ಹುಡುಗ ಹುಡುಗಿಯರೇ. ಹೋಬಳಿ ಊರಿನಲ್ಲಿ ಮದುವೆ ಕಾರ್ಡು, ಜಾತ್ರೆ ಫ್ಲೆಕ್ಸು ಡಿಸೈನ್ ಮಾಡುವವರ ಕೈಯಲ್ಲೂ ಅದೇ ಮೌಸ್. ಅವರ ಮಣಿಕಟ್ಟು ನೋಯುವುದು, ಅವರ ಬೆರಳು ತಪ್ಪುವುದು ಊರಿನ ವಿಷಯವೇ.

ಸ್ವಲ್ಪ ಹಿಂದಿನ ಕಥೆ ನೋಡೋಣ. ಮೊದಲ ಮೌಸ್ ತಯಾರಾಗಿದ್ದು 1964ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಯೋಚನೆ ಡಗ್ಲಸ್ ಎಂಗೆಲ್‌ಬಾರ್ಟ್ ಅವರದು, ಮಾಡಿಕೊಟ್ಟವರು ಬಿಲ್ ಇಂಗ್ಲಿಷ್. ಮರದ ಡಬ್ಬಿ, ಮೇಲೊಂದು ಗುಂಡಿ, ಕೆಳಗೆ ಎರಡು ಲೋಹದ ಚಕ್ರ, ಇಷ್ಟೇ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಜನರ ಮುಂದೆ ತೋರಿಸಿದರು. ಪುಟ ಸರಿಸುವ ಚಕ್ರ ಮೌಸ್‌ನ ಮೇಲೆ ಬಂದು ಜನಪ್ರಿಯವಾಗಿದ್ದು ಬಹಳ ತಡವಾಗಿ, 1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಬಂದಾಗ. ಒಂದು ಸಲ ಚಕ್ರದ ರುಚಿ ಹತ್ತಿದ ಮೇಲೆ ಜನ ಅದನ್ನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಚಕ್ರ ತಿರುಗಿಸಿದಾಗ ಬೆರಳಿಗೆ ಟಕ್ ಟಕ್ ಅಂತ ಹಲ್ಲು ಸಿಗುತ್ತದೆ. ಒಂದು ಹಲ್ಲಿಗೆ ಇಷ್ಟು ಸಾಲು ಅಂತ ಕೈಗೆ ಲೆಕ್ಕ ಗೊತ್ತಾಗುತ್ತದೆ. ಕಣ್ಣು ಸ್ಕ್ರೀನ್ ಮೇಲೆ ಇರಬಹುದು, ಎದುರು ಕೂತ ಅಜ್ಜನ ಆಧಾರ್ ಕಾರ್ಡಿನ ಮೇಲೂ ಇರಬಹುದು, ಬೆರಳು ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ನೇಗಿಲು ಎಷ್ಟು ಇಳಿದಿದೆ ಅಂತ ಹಿಂದೆ ತಿರುಗಿ ನೋಡುತ್ತಿರುವಾಗಲೇ ಕೈ ಹೈಡ್ರಾಲಿಕ್ ಲಿವರ್ ಹುಡುಕಿಕೊಂಡಿರುತ್ತದೆ. ಆ ಲಿವರ್ ಜಾಗದಲ್ಲಿ ನುಣುಪಾದ ಗಾಜಿನ ತುಂಡು ಕೊಟ್ಟರೆ ಏನಾದೀತು, ನೀವೇ ಯೋಚಿಸಿ.

ಟಚ್ ಮೌಸ್‌ಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ಆಪಲ್ ಕಂಪನಿಯ ಮ್ಯಾಜಿಕ್ ಮೌಸ್. ಬಂದಿದ್ದು 2009ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲು, 2005ರಲ್ಲಿ ಬಂದಿದ್ದ ಅವರದೇ ಮೈಟಿ ಮೌಸ್‌ನಲ್ಲಿ ಕಾಳಿನಷ್ಟು ಸಣ್ಣ ಗೋಲಿ ಇತ್ತು. ಅದರೊಳಗೆ ಕೊಳೆ ಸೇರಿ ಗೋಲಿ ತಿರುಗದೆ ನಿಲ್ಲುತ್ತದೆ ಅನ್ನುವುದು ದೊಡ್ಡ ದೂರಾಗಿತ್ತು. ಗೋಲಿ ಸರಿಮಾಡುವ ಬದಲು ಅದನ್ನೇ ತೆಗೆದುಹಾಕಿದರು. ಬಾಗಿಲಿನ ಕೀಲು ಕಿರಗುಟ್ಟಿತು ಅಂತ ಬಾಗಿಲನ್ನೇ ಕಿತ್ತ ಹಾಗೆ.

ಈಗ ಅದರ ಬಳಕೆ ನೋಡಿ. ಬಲಗುಂಡಿ ಒತ್ತುವುದು, ಅಂದರೆ ರೈಟ್ ಕ್ಲಿಕ್, ಆಪರೇಟರ್‌ಗೆ ದಿನಕ್ಕೆ ನೂರಾರು ಸಲದ ಕೆಲಸ. ಮ್ಯಾಜಿಕ್ ಮೌಸ್‌ನ ಬೆನ್ನು ಪೂರ್ತಿ ಒಂದೇ ಗುಂಡಿ. ಬಲಕ್ಕೆ ಒತ್ತಿದಿರೋ ಎಡಕ್ಕೆ ಒತ್ತಿದಿರೋ ಅನ್ನುವುದನ್ನು ಅದು ತಿಳಿಯುವುದು ಬೆರಳು ಎಲ್ಲಿದೆ ಎನ್ನುವುದರಿಂದ. ಎರಡೂ ಬೆರಳು ಮೇಲಿದ್ದರೆ ಅದಕ್ಕೆ ಗೊಂದಲ. ಹಾಗಾಗಿ ರೈಟ್ ಕ್ಲಿಕ್ ಮಾಡುವಾಗ ಎಡಬೆರಳನ್ನು ಎತ್ತಿ ಗಾಳಿಯಲ್ಲಿ ಹಿಡಿಯಬೇಕು. ಇನ್ನು ನಡುವಿನ ಚಕ್ರವನ್ನೇ ಗುಂಡಿಯಂತೆ ಒತ್ತುವ ಅನುಕೂಲ ಅದರಲ್ಲಿ ಇಲ್ಲವೇ ಇಲ್ಲ, ಬೇರೆಯವರ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಕೋರಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡುವವರನ್ನು ಕೇಳಿ ನೋಡಿ, ಚಕ್ರ ಇಲ್ಲದೆ ಚಿತ್ರ ದೊಡ್ಡದು ಚಿಕ್ಕದು ಮಾಡಿ, ಆಚೆ ಈಚೆ ಸರಿಸಿ ಕೆಲಸ ಮುಗಿಸುವುದು ಎಷ್ಟು ಹೊತ್ತಿನ ಮಾತು ಅಂತ.

ಆಕಾರವೂ ಅಷ್ಟೇ. ಒಳ್ಳೆಯ ಮೌಸ್‌ಗೆ ಉಬ್ಬು ಬೆನ್ನು ಇರುತ್ತದೆ, ಅಂಗೈ ಅದರ ಮೇಲೆ ಒರಗುತ್ತದೆ. ಟಚ್ ಮೌಸ್ ತೆಳ್ಳಗೆ ಚಪ್ಪಟೆ. ಅಂಗೈಗೆ ಆಸರೆ ಇಲ್ಲ, ಬೆರಳ ತುದಿಯಲ್ಲಿ ಹಿಡಿದು ಎಳೆದಾಡಬೇಕು. ಜೊತೆಗೆ ತಪ್ಪಿ ತಾಗಿದರೂ ಪುಟ ಸರಿಯುವುದರಿಂದ ಬೆರಳನ್ನು ನಿರಾಳವಾಗಿ ಮೌಸ್ ಮೇಲೆ ಇಡುವ ಹಾಗಿಲ್ಲ. ಹತ್ತು ನಿಮಿಷ ಪರವಾಗಿಲ್ಲ. ಎಂಟು ಗಂಟೆ ಬೆರಳನ್ನು ಎತ್ತಿ ಹಿಡಿದವರ ಮುಂಗೈಯ ಪಾಡು ಏನು? ನೀರು ತುಂಬಿದ ಕೊಡ ಹೊತ್ತು ನಡೆಯುವುದಕ್ಕಿಂತ, ಹೊತ್ತು ಸುಮ್ಮನೆ ನಿಲ್ಲುವುದೇ ಕಷ್ಟ ಅಂತ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮತ್ತೊಂದು ತಮಾಷೆ. 2015ರಲ್ಲಿ ಈ ಮೌಸ್‌ನ ಎರಡನೇ ಅವತಾರ ಬಂತು. ಚಾರ್ಜಿಂಗ್ ತೂತು ಇಟ್ಟಿದ್ದು ಎಲ್ಲಿ? ಹೊಟ್ಟೆಯ ಕೆಳಗೆ. ಚಾರ್ಜಿಗೆ ಹಾಕಬೇಕೆಂದರೆ ಮೌಸನ್ನು ಮಗುಚಿ ಹಾಕಬೇಕು, ಅಷ್ಟು ಹೊತ್ತು ಕೆಲಸ ಬಂದ್. ಜಗತ್ತೇ ನಕ್ಕಿತು. 2024ರಲ್ಲಿ ಯುಎಸ್‌ಬಿ-ಸಿ ತೂತಿನ ಹೊಸ ಮಾದರಿ ಬಂದಾಗಲೂ ತೂತು ಅಲ್ಲೇ ಇತ್ತು. ಎರಡು ನಿಮಿಷ ಚಾರ್ಜ್ ಮಾಡಿದರೆ ಒಂಬತ್ತು ಗಂಟೆ ನಡೆಯುತ್ತದೆ ಅಂತ ಕಂಪನಿ ಹೇಳಿಕೊಂಡಿದೆ. ಇರಲಿ, ಒಪ್ಪೋಣ. ಆದರೆ ಕರೆಂಟ್ ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಗೊತ್ತಿಲ್ಲದ ನಮ್ಮೂರುಗಳಲ್ಲಿ, ಸರ್ವರ್ ಸಿಕ್ಕ ಆ ಹತ್ತು ನಿಮಿಷದಲ್ಲೇ ಮೌಸ್ ಮಕಾಡೆ ಮಲಗಿದರೆ ಸಾಲಿನಲ್ಲಿ ನಿಂತವರಿಗೆ ಯಾರು ಉತ್ತರ ಹೇಳಬೇಕು?

ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡಿದು ನೋಡಿತು. 2010ರ ಆರ್ಕ್ ಟಚ್ ಮೌಸ್‌ನಲ್ಲಿ ಚಕ್ರದ ಜಾಗದಲ್ಲಿ ಒಂದು ಟಚ್ ಪಟ್ಟಿ ಇಟ್ಟಿತು. ಪಟ್ಟಿ ಸವರಿದಾಗ ಬೆರಳಿಗೆ ಏನೂ ತಿಳಿಯುವುದಿಲ್ಲವಲ್ಲ, ಅದಕ್ಕೆ ಒಳಗೊಂದು ಕಂಪನದ ವ್ಯವಸ್ಥೆ ಮಾಡಿ, ಚಕ್ರದ ಹಲ್ಲಿನ ಹಾಗೆ ಟಕ್ ಟಕ್ ಅನ್ನಿಸಿದರು. ಚಕ್ರವನ್ನು ತೆಗೆದು, ಆಮೇಲೆ ಚಕ್ರದ ನಕಲು ಮಾಡಲು ಮೋಟಾರು ಕೂರಿಸಿದರು! ಚಕ್ರವೇ ಸರಿಯಿತ್ತು ಅಂತ ಒಪ್ಪಿಕೊಳ್ಳಲು ಇದಕ್ಕಿಂತ ಸುತ್ತು ದಾರಿ ಬೇಕೆ? 2012ರ ಸುಮಾರಿಗೆ ಟಚ್ ಮೌಸ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿದ್ದ ಲಾಜಿಟೆಕ್, 2019ರಲ್ಲಿ ತನ್ನ ದುಬಾರಿ ಎಂಎಕ್ಸ್ ಮಾಸ್ಟರ್ 3 ಮೌಸ್‌ಗೆ ಹಾಕಿದ್ದು ಉಕ್ಕಿನ ಚಕ್ರ.

ಇನ್ನು ಮುಖ್ಯ ವಿಷಯಕ್ಕೆ ಬರೋಣ: ಯಾರ ಬೆರಳು? ಟಚ್ ಕೆಲಸ ಮಾಡುವುದು ಒತ್ತಡದಿಂದ ಅಲ್ಲ. ನಮ್ಮ ಮೈಯಲ್ಲಿ ವಿದ್ಯುತ್ ಹರಿಯಬಲ್ಲದು. ಬೆರಳು ಹತ್ತಿರ ಬಂದಾಗ ಸೆನ್ಸರ್ ಮೇಲಿನ ವಿದ್ಯುತ್ ಸ್ಥಿತಿ ಚೂರು ಬದಲಾಗುತ್ತದೆ, ಅದನ್ನು ಯಂತ್ರ ಗುರುತಿಸುತ್ತದೆ. ಬೆರಳು ಒದ್ದೆಯಾಗಿದ್ದರೆ ಗೊಂದಲ. ತೀರಾ ಒಣಗಿ, ಚರ್ಮ ಜಡ್ಡುಗಟ್ಟಿದ್ದರೆ ಗುರುತೇ ಸಿಗದಿರಬಹುದು. ಈ ಬರಹ ಓದುತ್ತಿರುವ ಎಷ್ಟೋ ಮಂದಿ ಅಡಿಕೆ ಸುಲಿದ ಕೈಯಲ್ಲಿ, ಹಾಲು ಕರೆದು ಬಂದ ಒದ್ದೆ ಕೈಯಲ್ಲಿ ಫೋನ್ ಮುಟ್ಟಿ, ಅದು ಅಲುಗದಿದ್ದಾಗ ಪಂಚೆಗೋ ಸೆರಗಿಗೋ ಬೆರಳು ಒರೆಸಿಕೊಂಡವರೇ. ಬೆಳಗ್ಗೆ ತೋಟದಲ್ಲಿ ದುಡಿದು ಹತ್ತು ಗಂಟೆಗೆ ಪಂಚಾಯಿತಿಗೆ ಬರುವ ಹುಡುಗನ ಕೈಯೂ ಅಂಥದ್ದೇ. ಪ್ಲಾಸ್ಟಿಕ್ ಚಕ್ರ ಮಾತ್ರ ಯಾರ ಚರ್ಮವನ್ನೂ ಪರೀಕ್ಷೆ ಮಾಡುವುದಿಲ್ಲ.

ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹಿಡಿಯುತ್ತಿಲ್ಲ ಅಂತ ನಿಂತ ಅಜ್ಜಿಯರನ್ನು ನಾವೆಲ್ಲ ಬಲ್ಲೆವು. ಅಲ್ಲಿನ ಕಾರಣ ಬೇರೆ, ಅಲ್ಲಿ ಸವೆದ ರೇಖೆಗಳ ಸಮಸ್ಯೆ. ಆದರೆ ಹಿಂದಿರುವ ಧೋರಣೆ ಒಂದೇ. ಯಂತ್ರ ಮಾಡುವವರ ಕಣ್ಣ ಮುಂದಿರುವುದು ಎಸಿ ಕೋಣೆಯ ಮೆತ್ತನೆ ಬೆರಳು. ಕೆಲಸ ಮಾಡಿ ಸವೆದ ಬೆರಳು ಎದುರಾದಾಗ ತಪ್ಪು ಬೆರಳಿನದ್ದು ಅನ್ನಿಸಿಕೊಳ್ಳುತ್ತದೆ.

ತಪ್ಪಿ ತಾಗುವುದರ ಅಪಾಯವನ್ನೂ ಹೇಳಬೇಕು. ಕೆಲವು ಬ್ರೌಸರ್‌ಗಳಲ್ಲಿ ಅಂಕಿ ತುಂಬುವ ಕಾಲಂ ಮೇಲೆ ಕರ್ಸರ್ ಇದ್ದಾಗ ಸ್ಕ್ರೋಲ್ ಆದರೆ ತುಂಬಿದ ಅಂಕಿಯೇ ಬದಲಾಗುತ್ತದೆ. ಚಕ್ರದಲ್ಲೂ ಇದು ಆಗಬಹುದು, ನಿಜ. ಆದರೆ ಚಕ್ರ ತಿರುಗಿದರೆ ಬೆರಳಿಗೆ ಗೊತ್ತಾಗುತ್ತದೆ. ನುಣುಪು ಮೇಲ್ಮೈಯಲ್ಲಿ ಬೆರಳು ಸುಮ್ಮನೆ ಸೋಕಿದ್ದು ಗೊತ್ತೇ ಆಗುವುದಿಲ್ಲ. ಗುಂಟೆಯ ಲೆಕ್ಕದಲ್ಲಿ ಒಂದು ಅಂಕಿ ಆಚೀಚೆ ಆದರೆ ತಿದ್ದಿಸಲು ರೈತ ಎಷ್ಟು ಸಲ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಬೇಕು ಅನ್ನುವುದು ನಿಮಗೇ ಗೊತ್ತು.

ಇದನ್ನು ಅತಿಶಯ ಅನ್ನಬೇಡಿ. 2017ರ ಆಗಸ್ಟ್ 21ರಂದು ಸಿಂಗಾಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಹಡಗು ನಡೆಸುವ ಟಚ್ ಸ್ಕ್ರೀನ್ ವ್ಯವಸ್ಥೆಯ ಗೊಂದಲ ಮತ್ತು ಅದರ ಬಗ್ಗೆ ತರಬೇತಿಯ ಕೊರತೆ, ಎರಡನ್ನೂ ತನಿಖೆ ಎತ್ತಿ ತೋರಿಸಿತು. ಆಮೇಲೆ ನೌಕಾಪಡೆ ಟಚ್ ಬಿಟ್ಟು ಕೈಯಲ್ಲಿ ಹಿಡಿದು ತಳ್ಳುವ ಲಿವರ್‌ಗೇ ಮರಳುವುದಾಗಿ 2019ರಲ್ಲಿ ಹೇಳಿತು. ಯುದ್ಧನೌಕೆಯವರೇ ಲಿವರ್ ಬೇಕು ಅಂದ ಮೇಲೆ, ನಮ್ಮ ಆಪರೇಟರ್ ಚಕ್ರ ಬೇಕು ಅಂದರೆ ಅದು ಹಳೇ ಕಾಲದ ಮಾತು ಹೇಗಾಗುತ್ತದೆ?

ಟಚ್ ಮೌಸ್ ಪರವಾಗಿಯೂ ಹೇಳುವುದಿದೆ. ಅಗಲವಾದ ಎಕ್ಸೆಲ್ ಶೀಟನ್ನು ಅಡ್ಡಡ್ಡ ಸರಿಸಲು ಅದು ಸುಲಭ. ಸದ್ದು ಕಡಿಮೆ. ಎಡಗೈಯವರಿಗೂ ಬಲಗೈಯವರಿಗೂ ಆಕಾರ ಒಂದೇ. ದೂಳು ಕೂರಲು ಚಕ್ರದ ಸಂದಿಲ್ಲ. ಆಗೊಮ್ಮೆ ಈಗೊಮ್ಮೆ ಪುಟ ತಿರುಗಿಸಿ ಓದುವವರಿಗೆ ಅದು ಇಷ್ಟವಾದರೆ ಕೊಳ್ಳಲಿ, ನಮ್ಮ ಅಡ್ಡಿಯಿಲ್ಲ. ದೂಳಿನ ಮಾತು ಮಾತ್ರ ಒಪ್ಪಲಾಗದು. ಚಕ್ರಕ್ಕೆ ದೂಳು ಕೂತರೆ ಉಫ್ ಅಂತ ಊದಿದರೆ ಆಯಿತು, ಪೂರ್ತಿ ಕೆಟ್ಟರೂ ಹೋಗುವುದು ಮುನ್ನೂರು ರೂಪಾಯಿ.

ನಮ್ಮ ಸಿಟ್ಟು ಒಂದು ಮೌಸ್ ಮೇಲಲ್ಲ, ಕೇಳದೆ ಕೊಡುವ ಪದ್ಧತಿಯ ಮೇಲೆ. ಕಚೇರಿಗೆ ಸಾಮಾನು ಕೊಳ್ಳುವವರು ಒಬ್ಬರು, ಸಹಿ ಮಾಡುವವರು ಇನ್ನೊಬ್ಬರು, ದಿನವಿಡೀ ಅದನ್ನು ಹಿಡಿಯುವವರು ಮತ್ತೊಬ್ಬರು. ಈ ಮೂರನೆಯವರನ್ನು ಯಾರೂ ಕೇಳುವುದಿಲ್ಲ. ಪಂಚಾಯಿತಿ ಸದಸ್ಯರು, ಪಿಡಿಒಗಳು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ಸಲ ಮೌಸ್, ಕೀಬೋರ್ಡ್, ಕುರ್ಚಿ ತರಿಸುವಾಗ ಆಪರೇಟರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ, ಹೆಚ್ಚಿನ ದುಡ್ಡೂ ಬೇಕಿಲ್ಲ.

ಸ್ವಂತಕ್ಕೆ ಕೊಳ್ಳುವವರು ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಿ. ಅಂಗೈ ಪೂರ್ತಿ ಒರಗುತ್ತದೆಯೇ ನೋಡಿ. ಕಣ್ಣು ಮುಚ್ಚಿ ಎಡ, ಬಲ, ಚಕ್ರ ಮೂರನ್ನೂ ಹುಡುಕಿ. ಎರಡು ಬೆರಳನ್ನೂ ಮೇಲೇ ಇಟ್ಟುಕೊಂಡು ರೈಟ್ ಕ್ಲಿಕ್ ಮಾಡಿ. ಬೆರಳು ಸ್ವಲ್ಪ ಒದ್ದೆ ಮಾಡಿಕೊಂಡು ಪುಟ ಸರಿಸಿ. ನಾಲ್ಕರಲ್ಲಿ ಒಂದು ತಪ್ಪಿದರೂ, ಡಬ್ಬಿಯ ಮೇಲೆ ಎಷ್ಟೇ ದೊಡ್ಡ ಹೆಸರಿರಲಿ, ವಾಪಸ್ ಇಟ್ಟುಬಿಡಿ. "ಇದು ಲೇಟೆಸ್ಟ್ ಮಾಡೆಲ್ ಸಾರ್" ಅಂತ ಅಂಗಡಿಯವನು ಹೇಳಿದರೆ, "ನನ್ನ ಕೈ ಹಳೇ ಮಾಡೆಲ್ಲೇ ಕಣಪ್ಪಾ, ಇದಕ್ಕೆ ಹೊಂದುವುದು ಕೊಡು" ಅನ್ನಿ.