ಹತ್ತು ರೂಪಾಯಿಗೆ ಕೂಗುವ ಡಬ್ಬಿ

ಆನ್‌ಲೈನ್ ವ್ಯಾಪಾರಕ್ಕೆ ನಮ್ಮ ದೇಶ ಸಿದ್ಧವಾಗಿದೆಯೇ ಎಂಬ ಪ್ರಶ್ನೆ ವಿಚಾರ ಸಂಕಿರಣಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ಕೇಳುವವರ ದನಿಯಲ್ಲಿ ಒಂದು ಅನುಮಾನ ಇದ್ದೇ ಇರುತ್ತದೆ: ಹಳ್ಳಿಯವರಿಗೆ ಇದೆಲ್ಲ ಬರುತ್ತದೆಯೇ, ಸಣ್ಣ ಅಂಗಡಿಯವರು ಒಗ್ಗಿಕೊಳ್ಳುತ್ತಾರೆಯೇ? ನನ್ನ ತಕರಾರು ಈ ಅನುಮಾನದ ದಿಕ್ಕಿನ ಬಗ್ಗೆ. ಜನ ಸಿದ್ಧರಾಗಿ ಬಹಳ ಕಾಲವಾಯಿತು. ಸಿದ್ಧವಾಗದೆ ಉಳಿದಿರುವುದು ಅವರ ಲೆಕ್ಕ ಇಟ್ಟುಕೊಂಡಿರುವ ಕಂಪನಿಗಳು, ಮತ್ತು ಆ ಲೆಕ್ಕವನ್ನು ತರಿಸಿಕೊಂಡು ಓದುವ ಸರ್ಕಾರ.

ಶಿವಮೊಗ್ಗ–ಭದ್ರಾವತಿ ಹೆದ್ದಾರಿಯ ಮಾಚೇನಹಳ್ಳಿಯನ್ನೇ ನೋಡಿ. ಕೈಗಾರಿಕಾ ಪ್ರದೇಶ, ಶಿಮುಲ್ ಡೈರಿ, ಕೆಎಸ್‌ಆರ್‌ಪಿ ಬೆಟಾಲಿಯನ್ ಎಲ್ಲ ಇರುವ ಊರು. ಪಾಳಿ ಬದಲಾಗುವ ಹೊತ್ತಿಗೆ ಚಹಾದಂಗಡಿಯ ಮುಂದೆ ನಿಂತರೆ ನೋಟು ಕಾಣುವುದೇ ಅಪರೂಪ. 2016ರಲ್ಲಿ ಬಂದ ಯುಪಿಐಯನ್ನು ಕಲಿಯಲು ಇಲ್ಲಿನವರು ತರಬೇತಿ ಶಿಬಿರಕ್ಕೆ ಕಾದು ಕೂರಲಿಲ್ಲ. ಬಿಸ್ಕತ್ ಭರಣಿಯ ಪಕ್ಕ ಕೂತ ಡಬ್ಬಿ 'ಹತ್ತು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಕನ್ನಡದಲ್ಲೇ ಕೂಗುತ್ತದೆ. (ಅಂಗಡಿಯವರು ಜನ್ಮದಲ್ಲಿ 'ಸ್ವೀಕರಿಸಲಾಗಿದೆ' ಎಂಬ ಮಾತು ಆಡಿದವರಲ್ಲ, ಅದು ಬೇರೆ ವಿಷಯ.) ಅದೇ ಕಂಪನಿಯ ಕರಾರುಪತ್ರವನ್ನು ಅವರ ಫೋನಿನಲ್ಲಿ ತೆರೆದು ನೋಡಿದೆ. ಅಷ್ಟೂ ಇಂಗ್ಲಿಷು.

ಕನ್ನಡದ ವಿಷಯದಲ್ಲಿ ಈ ಉದ್ಯಮದ ನಡಿಗೆ ಎಂದೂ ಹೀಗೆಯೇ. ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ, ಬೆಂಗಳೂರಿನಲ್ಲಿ, ಅದೂ ಪುಸ್ತಕ ಮಾರುತ್ತಾ. ಅದರ ಪರದೆಯ ಮೇಲೆ ಕನ್ನಡ ಮೂಡಿದ್ದು 2020ರ ಜೂನ್‌ನಲ್ಲಿ. ಹದಿಮೂರು ವರ್ಷ! ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ನ ಸ್ವಪ್ರಕಟಣೆಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿಕೊಂಡಾಗ ಕನ್ನಡವನ್ನು ಹೊರಗಿಟ್ಟಿತು. ಆಗ ಯಾವ ಸಂಕಿರಣದಲ್ಲೂ 'ಕಂಪನಿಗಳು ಸಿದ್ಧವಾಗಿವೆಯೇ' ಎಂಬ ಗೋಷ್ಠಿ ಇದ್ದದ್ದನ್ನು ನಾನಂತೂ ಕೇಳಿಲ್ಲ.

ಇದು ಬರೀ ಭಾಷಾಭಿಮಾನದ ಮಾತಲ್ಲ ಎಂಬುದು 2025ರ ಜುಲೈನಲ್ಲಿ ಗೊತ್ತಾಯಿತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ನಾಲ್ಕು ವರ್ಷಗಳ ಯುಪಿಐ ಜಮೆಯನ್ನು ಕೂಡಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಬೇಕರಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಎದ್ದವು. ಜುಲೈ 25ಕ್ಕೆ ಬಂದ್ ಕರೆ ಬಂತು. ಎರಡು ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಹಾಗಾದರೆ ತೆರಿಗೆ ಕಟ್ಟುವುದು ಬೇಡವೇ ಎನ್ನಬಹುದು ನೀವು. ಬೇಕು. ನನ್ನ ಫೆಲೋಶಿಪ್ಪೂ ತೆರಿಗೆಯ ಹಣವೇ. ಆದರೆ ಕಾನೂನು ಏನು ಹೇಳುತ್ತದೆ ನೋಡಿ: ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಚಹಾ, ತಿಂಡಿ ಮಾಡಿ ಬಡಿಸುವುದು ಸೇವೆ. ಇಪ್ಪತ್ತು ಲಕ್ಷವೆಂದರೆ ದಿನಕ್ಕೆ ಹತ್ತಿರ ಹತ್ತಿರ 5,500 ರೂಪಾಯಿ. ಲಾಭವಲ್ಲ, ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ ಎಲ್ಲ ಸೇರಿದ ಗಲ್ಲಾ. ಕಾರ್ಖಾನೆ ಗೇಟಿನೆದುರು ಚಹಾದ ಜೊತೆ ಚಿತ್ರಾನ್ನ, ವಡೆ ಮಾರುವವರು ಈ ಗೆರೆಯನ್ನು ಗೊತ್ತಿಲ್ಲದೆಯೇ ದಾಟಬಹುದು. ಅದೇ ಕ್ಯೂಆರ್‌ಗೆ ಮೈದುನ ತೀರಿಸಿದ ಕೈಗಡ, ಚೀಟಿಯ ದುಡ್ಡು, ಮಗಳು ಕಳಿಸಿದ ಖರ್ಚಿನ ಹಣವೂ ಬಿದ್ದಿರುತ್ತದೆ. ಹತ್ತು ರೂಪಾಯಿ ಬಿದ್ದಾಗಲೆಲ್ಲ ಕೂಗುವ ಡಬ್ಬಿ ಇಪ್ಪತ್ತು ಲಕ್ಷದ ಗೆರೆ ದಾಟಿದ ದಿನ ತುಟಿ ಬಿಚ್ಚುವುದಿಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಗೇ ನೋಟಿಸಾಗಿ ಬಾಯಿ ತೆರೆಯುವುದಕ್ಕೆ ಸಿದ್ಧತೆ ಎನ್ನುತ್ತೀರಾ?

ನನ್ನ ಸಂಶೋಧನೆ ಕಡತಗಳ ಬಗ್ಗೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಗಳು ಅವು. ಶೃಂಗೇರಿ ಮಠದಲ್ಲಿ ರಾಶಿ ರಾಶಿ ಇವೆ. ಕಡತ ಬಿಚ್ಚಿದ ವ್ಯಾಪಾರಿಗೆ ತನಗೆ ಎಷ್ಟು ಬಂತು, ಯಾವುದಕ್ಕೆ ಬಂತು ಎಂದು ತನ್ನದೇ ಅಕ್ಷರದಲ್ಲಿ ಕಾಣುತ್ತಿತ್ತು. ಅದೇನು ಸುವರ್ಣಯುಗವಲ್ಲ. ಸಾಹುಕಾರನ ಪುಸ್ತಕದಲ್ಲಿ ಏನು ಬರೆದಿದೆ ಎಂದು ಓದಲಾಗದೆ ಹೆಬ್ಬೆಟ್ಟು ಒತ್ತಿದ ಸಾಲಗಾರರು ಮಲೆನಾಡಿನಲ್ಲಿ ಮನೆಮನೆಗೂ ಇದ್ದರು. ನಾನು ಹೇಳುತ್ತಿರುವುದೂ ಅದನ್ನೇ: ಮಾಚೇನಹಳ್ಳಿಯ ಅಂಗಡಿಯವರು ಇಂದು ವ್ಯಾಪಾರಿಯ ಜಾಗದಲ್ಲಿಲ್ಲ, ಆ ಸಾಲಗಾರನ ಜಾಗದಲ್ಲಿದ್ದಾರೆ. ಲೆಕ್ಕ ಅವರದು, ಪುಸ್ತಕ ಇನ್ನೊಬ್ಬರದು. 'ಒಪ್ಪಿದ್ದೇನೆ' ಎಂದು ಪರದೆಯ ಮೇಲೆ ಒತ್ತುವುದಂತೂ ಅಕ್ಷರಶಃ ಹೆಬ್ಬೆಟ್ಟೇ.

ಬೇಕಾಗಿರುವುದು ದೊಡ್ಡ ಸುಧಾರಣೆಯೇನಲ್ಲ. ತಿಂಗಳ ಕೊನೆಗೆ ಒಟ್ಟು ಜಮೆ ಎಷ್ಟು, ವರ್ಷದ ಮಿತಿಗೆ ಇನ್ನೆಷ್ಟು ಬಾಕಿ ಎಂದು ಕನ್ನಡದಲ್ಲಿ ಒಂದು ಪುಟ. ಕೈಗಡ ಯಾವುದು, ವ್ಯಾಪಾರ ಯಾವುದು ಎಂದು ಅಂಗಡಿಯವರೇ ಗುರುತು ಹಾಕಲು ಒಂದು ಗುಂಡಿ. ಹದಿನೈದು ಲಕ್ಷ ಮುಟ್ಟಿದಾಗ ಡಬ್ಬಿಯಿಂದ ಒಂದು ಕೂಗು. ನೋಟಿಸ್ ಕಳಿಸಲು ಕಂಪನಿಗಳಿಂದ ನಾಲ್ಕು ವರ್ಷದ ಲೆಕ್ಕ ಪಡೆದ ಸರ್ಕಾರ ಇಷ್ಟನ್ನು ಮಾಡಿಸಲಾರದೇ? ಮುಂದಿನ ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ ಶುರುವಾಗುತ್ತದೆ. ಆ ದಿನದ ಮೊದಲ ಚಹಾದಿಂದಲೇ ಎಣಿಸಲಿ.